ದುರಸ್ತಿಗೆ ಸ್ಪೆಕ್ಟ್ರಮ್ ಮೊದಲೋ, ಬಿಬಿಸಿ ಮೈಕ್ರೋ ಮೊದಲೋ?

ಹಳೆಯ ಕಂಪ್ಯೂಟರುಗಳ ರಾಶಿಯಲ್ಲಿ 1982ರ ಸಿಂಕ್ಲೇರ್ ಸ್ಪೆಕ್ಟ್ರಮ್ ಹಾಗೂ 1981ರ ಬಿಬಿಸಿ ಮೈಕ್ರೋ ಎರಡೂ ಸಿಕ್ಕಿದ್ದರೆ, ಮಂಗಳೂರಿನವರು ಮೊದಲು ಬಿಬಿಸಿಯನ್ನೇ ದುರಸ್ತಿಗೆ ಎತ್ತಿಕೊಳ್ಳುವುದು ಲೇಸು. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 1984ರಲ್ಲಿ ಶುರುವಾದ ‘ಕ್ಲಾಸ್’ ಎಂಬ ಸರ್ಕಾರಿ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೂ ಬಂದಿದ್ದ ಯಂತ್ರವದು. ಆದರೆ ಕುತೂಹಲ ತಡೆಯಲಾಗದೆ ನೇರವಾಗಿ ಕರೆಂಟು ಕೊಡಬಾರದು. ಅದರ ಪವರ್ ಸಪ್ಲೈಯಲ್ಲಿರುವ ರಿಫಾ ಕೆಪಾಸಿಟರುಗಳ (ಕರೆಂಟಿನ ಗದ್ದಲ ಸೋಸುವ, ರಿಫಾ ಕಂಪನಿಯ ಬಿಡಿಭಾಗಗಳ) ಪಾರದರ್ಶಕ ಕವಚ ವಯಸ್ಸಾದಂತೆ ಬಿರುಕು ಬಿಡುತ್ತದೆ. ಆ ಬಿರುಕಿನೊಳಗೆ ಕರಾವಳಿಯ ತೇವ ಇಳಿದಿದ್ದರೆ, ಚಾಲೂ ಮಾಡಿದ ಸ್ವಲ್ಪ ಹೊತ್ತಿನಲ್ಲೇ ಅವು ದಟ್ಟ ಹೊಗೆ ಉಗುಳುತ್ತವೆ. ಅವನ್ನು ಬದಲಾಯಿಸಿ, 5 ವೋಲ್ಟ್ ಸರಿಯಾಗಿ ಬರುತ್ತಿದೆಯೇ ಎಂದು ಅಳೆದ ಮೇಲೆ ಉಳಿದದ್ದು ಬಹುಮಟ್ಟಿಗೆ ಸಲೀಸು: ಮುಖ್ಯ ಚಿಪ್ಪುಗಳಲ್ಲಿ ಹಲವು ಸಾಕೆಟ್ಟಿನಲ್ಲಿರುವುದರಿಂದ ಅವನ್ನು ಕಿತ್ತು, ಕಾಲುಗಳ ಕಿಲುಬು ಉಜ್ಜಿ, ಮತ್ತೆ ಕೂರಿಸಬಹುದು.

ಸ್ಪೆಕ್ಟ್ರಮ್ ಚಿಕ್ಕದು, ಚೆಂದದ್ದು, ಆದರೆ ಕೋಪಿಷ್ಠ. ಅದರ ‘4116’ ಎಂಬ ಮಾದರಿಯ ಮೆಮೊರಿ ಚಿಪ್ಪುಗಳಿಗೆ 12, 5 ಮತ್ತು ಮೈನಸ್ 5 ವೋಲ್ಟ್ ಮೂರೂ ಬೇಕು; ಮೈನಸ್ 5 ತಪ್ಪಿದರೆ ಅವು ಸುಟ್ಟುಹೋಗಬಹುದು. 9 ವೋಲ್ಟ್ ಅಡಾಪ್ಟರಿನ ನಡುವಿನ ತುದಿ ಋಣವಾಗಿರಬೇಕು, ಮನೆಯಲ್ಲಿ ಸಿಕ್ಕಿದ್ದನ್ನು ಚುಚ್ಚುವಂತಿಲ್ಲ. ಕೀಲಿಮಣೆಯ ಒಳಪದರ ಒಣಗಿ ಮುರಿದಿದ್ದರೆ ಹೊಸದನ್ನೇ ತರಿಸಬೇಕು.