ಬಟ್ಟೆ ಜೊತೆ ಜ್ಯುವೆಲರಿ ಇಡುವವರೇ, ಹೋಲ್‌ಸೇಲ್ ಲಾಟ್ ತರಿಸುವ ಮುಂಚೆ ಸ್ವಲ್ಪ ಓದಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಸ್ವಂತ ಬ್ರ್ಯಾಂಡ್‌ನಲ್ಲಿ ಕುರ್ತಾ, ಸೀರೆ ಮಾರುವವರು ಈಗ ಫ್ಯಾಷನ್ ಜ್ಯುವೆಲರಿಯನ್ನೂ ಇಡುತ್ತಿದ್ದಾರೆ. ಒಳ್ಳೆಯದೇ. ಕುರ್ತಾ ಕೊಂಡವರು ಮ್ಯಾಚಿಂಗ್ ಜುಮ್ಕಿ ಕೇಳಿಯೇ ಕೇಳುತ್ತಾರೆ, ಸೈಜಿನ ತಲೆನೋವೂ ಇಲ್ಲ. ಆದರೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ, ಪೂರ್ತಿ ದುಡ್ಡು ಮೊದಲೇ ಕೇಳುವ ಹೋಲ್‌ಸೇಲ್‌ನವರ ಹತ್ತಿರ ಹುಷಾರು.

ಮುಂಬೈ ಪಾರ್ಟಿ ಅಂತ ಹೇಳಿಕೊಂಡವರು ನಮಗೆ ಕಳಿಸಿದ ಸ್ಯಾಂಪಲ್ ಚೆನ್ನಾಗಿತ್ತು. ಹಿತ್ತಾಳೆಯ ತೂಕ, ನೀಟಾದ ಪಾಲಿಶ್. ಚೌತಿಗೆ ಅಂತ ಬಂದ ಲಾಟೇ ಬೇರೆ. ಕೈಯಲ್ಲಿ ಹಿಡಿದರೆ ಹಗುರ, ಜುಮ್ಕಿಯ ಒಳಮೈಗೆ ಪಾಲಿಶ್ ಮುಟ್ಟಿಯೇ ಇರಲಿಲ್ಲ. ಕೇಳಿದರೆ, "ಮಾಲು ಅದೇ ಮೇಡಂ, ಬ್ಯಾಚು ಹೊಸದು ಅಷ್ಟೇ."

ಹಬ್ಬ ಮುಗಿದ ಮೇಲೆ ಕುಮಟಾದ ಗಿರಾಕಿಯೊಬ್ಬರು ಫೋಟೊ ಹಾಕಿದರು. ನಮ್ಮದೇ ಬಿಳಿ ಕಾಟನ್ ಕುರ್ತಾ. ಕತ್ತಿನ ಪಟ್ಟಿಯ ಉದ್ದಕ್ಕೂ ಸರದ ಗುಂಡುಗಳ ಅಚ್ಚು, ಪಾಚಿ ಹಸಿರು. "ಕಿವಿನೂ ತುರಿಸ್ತದೆ ಅಕ್ಕಾ. ನಿಮ್ಮ ಕುರ್ತಾ ಬಣ್ಣ ಬಿಡ್ತದಾ?" ನೋಡಿ, ಕೆಟ್ಟ ಹೆಸರು ಬಂದದ್ದು ಬಟ್ಟೆಗೆ! ಎರಡಕ್ಕೂ ದುಡ್ಡು ವಾಪಸ್ ಕೊಟ್ಟೆವು.

ಹಿತ್ತಾಳೆಯಲ್ಲಿ ತಾಮ್ರ ಇರುತ್ತದೆ. ಮೇಲಿನ ಪಾಲಿಶ್ ತೆಳುವಾದರೆ ಬೆವರಿನ ಉಪ್ಪು ತಾಮ್ರಕ್ಕೆ ತಾಗಿ ಹಸಿರಾಗುತ್ತದೆ. ಪಾಲಿಶ್ ಕೆಳಗೆ ಸಾಮಾನ್ಯವಾಗಿ ನಿಕ್ಕಲ್ ಪದರ ಕೊಡುತ್ತಾರೆ. ಮೇಲಿನದು ಸವೆದರೆ ನಿಕ್ಕಲ್ ಆಗದವರಿಗೆ ತುರಿಕೆ ಶುರು. ಮಳೆಗಾಲದ ತೇವ, ಕಡಲ ಗಾಳಿ ಇರುವ ನಮ್ಮೂರಲ್ಲಿ ಇದೆಲ್ಲ ಇನ್ನೂ ಬೇಗ. ಮಾರಿದವರೂ ಇದೇ ನೆಪ ಹೇಳಿದರು: "ನಿಮ್ಮ ಸಮುದ್ರದ ಗಾಳಿಗೆ ನಾವೇನು ಮಾಡೋದು?" ಹಾಗಾದರೆ ಆ ಸ್ಯಾಂಪಲ್ ಇದೇ ಅಂಗಡಿಯಲ್ಲಿ ಇವತ್ತಿಗೂ ಹೊಳೆಯುತ್ತಿದೆಯಲ್ಲ, ಅದ್ಹೇಗೆ? ಅಷ್ಟು ಕೇಳಿದ್ದಕ್ಕೆ ಬ್ಲಾಕ್ ಮಾಡಿದರು.

ಆಮೇಲೆ ಬಿಲ್ ನೋಡಿದರೆ ಜಿಎಸ್‌ಟಿ ನಂಬರ್ 24ರಿಂದ ಶುರು. ಅದು ಗುಜರಾತಿನದು, ಮಹಾರಾಷ್ಟ್ರದ್ದು 27. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ನೋಂದಣಿ ರದ್ದು ಅಂತ ಬಂತು. ಇಮಿಟೇಶನ್ ಆಭರಣಕ್ಕೆ ತೆರಿಗೆ 3%, ಬಿಲ್‌ನಲ್ಲಿ ಹಾಕುವ ಸರಕಿನ ಕೋಡ್ (ಎಚ್‌ಎಸ್‌ಎನ್) 7117. ಇವರು ಬಟ್ಟೆಯ ಹಾಗೆ 5% ಹಾಕಿದ್ದರು. ಗ್ರಾಹಕರ ಕೋರ್ಟಿಗೆ ಹೋಗೋಣ ಅಂದರೆ ವಕೀಲರು ಆಗೋದಿಲ್ಲ ಅಂತ ತಲೆ ಆಡಿಸಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮರುಮಾರಾಟಕ್ಕೆ ಕೊಂಡವರನ್ನು ಗ್ರಾಹಕರು ಅಂತ ಲೆಕ್ಕ ಹಿಡಿಯುವುದಿಲ್ಲ. ಸಿವಿಲ್ ದಾವೆ ಹಾಕಬಹುದು. ಲಾಟಿನ ಬೆಲೆಗಿಂತ ಓಡಾಟದ ಖರ್ಚೇ ಜಾಸ್ತಿ ಆದೀತು.

ಹಾಗಾಗಿ ದುಡ್ಡು ಕಳಿಸುವ ಮೊದಲೇ ಆ ನಂಬರ್ ಚೆಕ್ ಮಾಡಿ. ಅರ್ಧ ಹಣ ಮಾಲು ನೋಡಿದ ಮೇಲೆ ಅಂತ ಮಾತಾಡಿಕೊಳ್ಳಿ, ಒಪ್ಪದಿದ್ದರೆ ಬಿಟ್ಟುಬಿಡಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಇರಲಿ. ಲಾಟಿನಿಂದ ಒಂದು ಪೀಸ್ ತೆಗೆದು ಉಪ್ಪುನೀರಲ್ಲಿ ಅದ್ದಿದ ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಇಡಿ, ಬೆಳಿಗ್ಗೆ ಬಟ್ಟೆಗೆ ಹಸಿರು ಹತ್ತಿದೆಯಾ ನೋಡಿ. ಮ್ಯಾಗ್ನೆಟ್‌ಗೆ ಅಂಟಿದರೆ ಒಳಗೆ ಕಬ್ಬಿಣ ಇರುವ ಸಾಧ್ಯತೆ ಜಾಸ್ತಿ. ಅಂಟದಿದ್ದರೆ ಹಿತ್ತಾಳೆಯೇ ಅಂತಲೂ ನಂಬಬೇಡಿ, ಸತುವಿನ ಮಿಶ್ರಲೋಹವೂ ಅಂಟುವುದಿಲ್ಲ. ಸರವನ್ನು ಕುರ್ತಾದ ಕವರಿನಲ್ಲೇ ಹಾಕಿ ಕೊಡಬೇಡಿ, ಬೇರೆ ಜಿಪ್ ಕವರ್ ಇರಲಿ.

ಅವೇ ಫೋಟೊಗಳು ಈಗ ಇನ್ನೊಂದು ಹೆಸರಿನಲ್ಲಿ ಓಡಾಡುತ್ತಿವೆ. ಇಲ್ಲಿನ ಇಬ್ಬರು ಬಟ್ಟೆ ಅಂಗಡಿಯವರು ಆಗಲೇ ರೇಟು ಕೇಳಿದ್ದಾರಂತೆ. ನಿಮಗೂ ಬಂದರೆ ಮೊದಲು ಜಿಎಸ್‌ಟಿ ನಂಬರ್ ಕೇಳಿ.