ಎರೆ ಹೊಲದ ದಾರಿಗೆ ಐದು ಟೈರು: ಜಿಮ್ನಿಯೊಂದಿಗೆ ಎರಡು ಮಳೆಗಾಲ

ಧಾರವಾಡದ ನಮ್ಮ ಮನೆಯಿಂದ ಅಣ್ಣಿಗೇರಿ ಆಚೆಗಿನ ಹೊಲಕ್ಕೆ 59 ಕಿಲೋಮೀಟರ್. ಹುಬ್ಬಳ್ಳಿ ದಾಟಿ ಗದಗ ರಸ್ತೆ ಹಿಡಿದರೆ 55 ಕಿಲೋಮೀಟರ್ ಒಳ್ಳೆಯ ಡಾಂಬರು, ಉಳಿದ ನಾಲ್ಕು ಚಕ್ಕಡಿ ದಾರಿ. ಆ ನಾಲ್ಕು ಕಿಲೋಮೀಟರಿಗಾಗಿಯೇ 2023ರ ದೀಪಾವಳಿಗೆ ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ (ಫೋರ್‌ವ್ಹೀಲ್) ಗಾಡಿ, ಮಾರುತಿ ಸುಜುಕಿ ಜಿಮ್ನಿಯನ್ನು ಕೊಂಡೆ. ಈಗ ಅದು 37,000 ಕಿಲೋಮೀಟರ್ ದಾಟಿದೆ. ಗಾಡಿಯ ಗುಣಾವಗುಣಗಳ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ. ನಾನು ಬರೆಯಹೊರಟಿರುವುದು ಅದಕ್ಕೆ ಹಾಕಿಸಿದ ಟೈರುಗಳ ಬಗ್ಗೆ, ಮತ್ತು ಮೊದಲ ವರ್ಷ ಕೊಂಡ ಹಾಗೂ ಕೊಳ್ಳದೆ ಬಿಟ್ಟ ಸಾಮಾನುಗಳ ಬಗ್ಗೆ. ನಮಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಮಲೆನಾಡಿನ ಕೆಂಪು ಮಣ್ಣಿನಲ್ಲೋ ಮರಳಿನಲ್ಲೋ ಓಡಿಸುವವರಿಂದ ಬರುತ್ತವೆ. ಅವರ ಮಾತು ಅವರ ನೆಲಕ್ಕೆ ಸರಿ. ಎರೆ ಭೂಮಿಗೆ, ಅಂದರೆ ನಮ್ಮ ಕಪ್ಪು ಮಣ್ಣಿಗೆ, ಬಂದಾಗ ಅರ್ಧಕ್ಕರ್ಧ ಸುಳ್ಳಾಗುತ್ತದೆ.

ಕೆಂಪು ಮಣ್ಣಿನಲ್ಲಾಗಲಿ ಮಸಾರಿಯಲ್ಲಾಗಲಿ ಕೆಸರಿನ ಕೆಳಗೆ ಎಲ್ಲೋ ಒಂದು ಕಡೆ ಗಟ್ಟಿ ನೆಲ ಸಿಗುತ್ತದೆ. ಟೈರು ಕೆಸರನ್ನು ಸೀಳಿ ಆ ನೆಲವನ್ನು ಮುಟ್ಟಿದರೆ ಗಾಡಿ ಮುಂದೆ ಸಾಗುತ್ತದೆ. ಎರೆಯಲ್ಲಿ ಸೀಳಿದಷ್ಟೂ ಎರೆಯೇ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿರುವುದರಿಂದ ಈ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕೈ ತೂರಿಸುವಷ್ಟು ಬಿರುಕು ಬಿಡುತ್ತದೆ, ಇವೆರಡರ ನಡುವಿನ ಹದದಲ್ಲಿ ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ. ಟೈರಿನ ಹಲ್ಲುಗಳ ನಡುವಿನ ಸಂದಿನಲ್ಲಿ ಅದು ತುಂಬಿತೆಂದರೆ ಎರಡೇ ಸುತ್ತಿನಲ್ಲಿ ಎಂಥ ಟೈರೂ ಬೋಳು ಉರುಳೆಯಾಗುತ್ತದೆ. ಚಪ್ಪಲಿಗೆ ಎರೆ ಹತ್ತಿಸಿಕೊಂಡು ಹೊಲ ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಾಡಿಯೊಂದಿಗೆ ಬಂದದ್ದು 195/80 ಆರ್15 ಅಳತೆಯ, ಹೈವೇ ಮಾದರಿಯ ಟೈರುಗಳು. ಅವು ಡಾಂಬರಿನ ಮೇಲೆ ಸದ್ದಿಲ್ಲದೆ, ಹಗುರವಾಗಿ ಓಡುತ್ತಿದ್ದವು. ಬೇಸಿಗೆಯ ಧೂಳಿನ ದಾರಿಯಲ್ಲೂ ಯಾವ ತಕರಾರೂ ಇರಲಿಲ್ಲ. 2024ರ ಆರಿದ್ರಾ ಮಳೆ ಬಿದ್ದ ಮರುದಿನ, ಫೋರ್‌ವ್ಹೀಲ್ ಇದೆಯಲ್ಲ ಎಂಬ ಧೈರ್ಯದಿಂದ ಚಕ್ಕಡಿ ದಾರಿಗೆ ಇಳಿದೆ. ಮುನ್ನೂರು ಮೀಟರ್ ಹೋಗುವಷ್ಟರಲ್ಲಿ ನಾಲ್ಕೂ ಗಾಲಿಗಳು ಮಣ್ಣು ಕಟ್ಟಿಕೊಂಡು, ಗಾಡಿ ತನ್ನಷ್ಟಕ್ಕೆ ತಾನೇ ಜಾರಿ ಒಡ್ಡಿಗೆ ಒರಗಿತು. ಒಂದು ಗಾಲಿ ಸುಮ್ಮನೆ ತಿರುಗತೊಡಗಿದರೆ ಅದಕ್ಕೆ ಬ್ರೇಕ್ ಹಿಡಿದು ಆ ಬಲವನ್ನು ಎದುರಿನ ಗಾಲಿಗೆ ಕೊಡುವ ವ್ಯವಸ್ಥೆ ಜಿಮ್ನಿಯಲ್ಲಿದೆ. ಆದರೆ ಎದುರಿನ ಗಾಲಿಗೂ ಹಿಡಿತ ಇಲ್ಲದಿದ್ದಾಗ ಅದು ತಾನೇ ಏನು ಮಾಡೀತು? ತಪ್ಪು ಗಾಡಿಯದಲ್ಲ, ಟೈರಿನದೂ ಪೂರ್ತಿಯಲ್ಲ, ಹೋದವನದು. ಪಕ್ಕದ ಹೊಲದ ಕಾಕಾ ಟ್ರ್ಯಾಕ್ಟರ್ ತಂದು ಎಳೆದು ಹಾಕಿ ಹೇಳಿದ್ದು ಇಷ್ಟೇ: "ತಮ್ಮಾ, ಎರಿ ಹೊಲಕ್ಕ ಟೈರ್ ಯಾವುದಾದ್ರೇನ? ಎರಡ ಬಿಸಲ ಬೀಳಲಿ, ಆಮ್ಯಾಲ ಬಾ." ಆ ಮಾತನ್ನು ಪೂರ್ತಿ ಒಪ್ಪದೆ ಮರುವಾರವೇ ಹುಬ್ಬಳ್ಳಿಯ ಟೈರ್ ಅಂಗಡಿಗೆ ಹೋದೆ.

ಅಂಗಡಿಯವರು ಮೊದಲು ತೋರಿಸಿದ್ದು 235/75 ಆರ್15 ಅಳತೆಯ ಮಡ್ ಟೆರೇನ್ ಟೈರು, ಅಂದರೆ ಕೆಸರಿಗೆಂದೇ ಮಾಡಿದ ದೊಡ್ಡ ಹಲ್ಲಿನದು. ನೋಡುವುದಕ್ಕೆ ಗಾಡಿಯ ಗತ್ತೇ ಬೇರೆಯಾಗುತ್ತದೆ, ನಿಜ. ನಾನು ಅಲ್ಲೇ ಒಂದು ಚೀಟಿಯ ಮೇಲೆ ಲೆಕ್ಕ ಹಾಕಿದೆ. ಯಾರು ಬೇಕಾದರೂ ಹಾಕಬಹುದಾದ ಲೆಕ್ಕ ಅದು. 195 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ; ಅದರ ಶೇಕಡಾ 80, ಅಂದರೆ 156 ಮಿಲಿಮೀಟರ್, ರಿಮ್ಮಿನಿಂದಾಚೆ ಟೈರಿನ ಎತ್ತರ. ಅದರ ಎರಡರಷ್ಟನ್ನು 15 ಅಂಗುಲದ ರಿಮ್ಮಿಗೆ, ಅಂದರೆ 381 ಮಿಲಿಮೀಟರಿಗೆ ಕೂಡಿಸಿದರೆ ಹಳೆಯ ಟೈರಿನ ವ್ಯಾಸ 693 ಮಿಲಿಮೀಟರ್. ಅದೇ ರೀತಿ 235/75ರದ್ದು 733.5. ವ್ಯಾಸ ಶೇಕಡಾ 6ರ ಹತ್ತಿರ ಹೆಚ್ಚಿದಂತಾಯಿತು. ಸ್ಪೀಡೋಮೀಟರಿನ ಲೆಕ್ಕವೂ ಅಷ್ಟೇ ಪ್ರಮಾಣದಲ್ಲಿ ತಪ್ಪುತ್ತದೆ. ಗಾಡಿ ಎತ್ತರಿಸದೆ ಹಾಕಿದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗೆ ಉಜ್ಜುವ ಭಯ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, 134 ನ್ಯೂಟನ್ ಮೀಟರ್ ಟಾರ್ಕಿನ ಒಂದೂವರೆ ಲೀಟರ್ ಎಂಜಿನ್ನು ಆ ಭಾರವನ್ನು ಪ್ರತಿ ಸಲವೂ 55 ಕಿಲೋಮೀಟರ್ ಡಾಂಬರಿನ ಮೇಲೆ ಸುಮ್ಮನೆ ತಿರುಗಿಸಬೇಕು. ಇದರಿಂದ ನೆಲದಂತರ, ಅಂದರೆ ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಅಂತರ, ಎಷ್ಟು ಹೆಚ್ಚುತ್ತದೆ? ವ್ಯಾಸದ ವ್ಯತ್ಯಾಸದ ಅರ್ಧ, 20 ಮಿಲಿಮೀಟರ್.

ಕೊನೆಗೆ ಆರಿಸಿಕೊಂಡದ್ದು 215/75 ಆರ್15 ಅಳತೆಯ ಆಲ್ ಟೆರೇನ್ ಟೈರು, ಡಾಂಬರಿಗೂ ಮಣ್ಣಿನ ದಾರಿಗೂ ನಡುವಿನದು. ವ್ಯಾಸ 703.5 ಮಿಲಿಮೀಟರ್, ಹೆಚ್ಚಿದ್ದು ಬರೀ ಶೇಕಡಾ ಒಂದೂವರೆ. ಕಂಪನಿಯ ರಿಮ್ಮಿಗೇ ಕೂರುತ್ತದೆ, ಎಲ್ಲಿಯೂ ಉಜ್ಜುವುದಿಲ್ಲ. ನೆಲದಂತರ ಹೆಚ್ಚಿದ್ದು ಐದು ಮಿಲಿಮೀಟರ್ ಮಾತ್ರ. ಟೈರು ಬದಲಿಸಿ ಗಾಡಿ ಎತ್ತರವಾಯಿತು ಎನ್ನುವವರ ಮಾತು ಹೆಚ್ಚಿನ ಮಟ್ಟಿಗೆ ಕಣ್ಣಿನ ಭ್ರಮೆ. ತಯಾರಕರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಮಾದರಿಗಳ ಹೆಸರು ಆಗಾಗ ಬದಲಾಗುತ್ತದೆ. ನೋಡಬೇಕಾದದ್ದು ಹಲ್ಲುಗಳ ನಡುವಿನ ಸಂದು ಎಷ್ಟು ಅಗಲವಿದೆ, ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎಷ್ಟು ದಪ್ಪವಿದೆ ಎಂಬುದನ್ನು. ಟೈರಿನ ಮೇಲಿರುವ ತೂಕದ ಅಂಕಿ ಹಳೆಯದಕ್ಕಿಂತ ಕಡಿಮೆಯಿರಬಾರದು: 96 ಎಂದರೆ ಒಂದು ಟೈರು 710 ಕಿಲೋ ಹೊರುತ್ತದೆ, 100 ಎಂದರೆ 800 ಕಿಲೋ. ತಯಾರಿಕೆಯ ದಿನಾಂಕವನ್ನೂ ಓದಬೇಕು. ಸೈಡ್‌ವಾಲಿನ ಮೇಲೆ ಕೊನೆಗೆ ಬರುವ ನಾಲ್ಕು ಅಂಕಿ 1424 ಎಂದಿದ್ದರೆ ಅದು 2024ರ 14ನೆಯ ವಾರದ್ದು. ನನಗೆ ಕೊಟ್ಟ ಐದರಲ್ಲಿ ಒಂದು ಎರಡು ವರ್ಷ ಹಳೆಯದಿತ್ತು. ತೋರಿಸಿದ ಕೂಡಲೇ ಮಾತಿಲ್ಲದೆ ಬದಲಿಸಿಕೊಟ್ಟರು. ಮಾತಿಲ್ಲದೆ ಬದಲಿಸಿದ್ದೇ ನನಗೆ ಸ್ವಲ್ಪ ಅನುಮಾನ ತಂದಿತು.

ನಾಲ್ಕು ಟೈರು ಹಾಕಿಸಿ ಸ್ಟೆಪ್ನಿಯನ್ನು ಹಳೆಯದೇ ಇರಿಸಿಕೊಳ್ಳಿ ಎಂಬ ಸಲಹೆಯೂ ಬಂದಿತ್ತು. ಜಿಮ್ನಿಯ ಫೋರ್‌ವ್ಹೀಲ್ ವ್ಯವಸ್ಥೆಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಶಿಯಲ್ (ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಒಣ ಡಾಂಬರಿನ ಮೇಲೆ ಫೋರ್‌ವ್ಹೀಲ್ ಹಾಕಬಾರದು ಎನ್ನುವುದಕ್ಕೂ, ಒಂದು ಟೈರು ಬೇರೆ ಅಳತೆಯದ್ದಿರಬಾರದು ಎನ್ನುವುದಕ್ಕೂ ಇದೇ ಕಾರಣ. ಆದ್ದರಿಂದ ಐದನ್ನೂ ಬದಲಿಸಿದೆ. 41,000 ರೂಪಾಯಿ ಆಯಿತು, ಹಳೆಯವನ್ನು ಕೊಟ್ಟದ್ದರಿಂದ ಸ್ವಲ್ಪ ಕಳೆಯಿತು. ಎಂಟು ಸಾವಿರ ಕಿಲೋಮೀಟರಿಗೊಮ್ಮೆ ಐದನ್ನೂ ಸರದಿಯಂತೆ ಬದಲಿಸುತ್ತಿರುವುದರಿಂದ ಎಲ್ಲವೂ ಸಮನಾಗಿ ಸವೆದಿವೆ.

ಮಳೆ ನಿಂತು ಎರಡನೆಯ ದಿನಕ್ಕೆ, ಮೇಲ್ಪದರ ಸ್ವಲ್ಪ ಒಣಗಿದಾಗ, ಮೊದಲಿನ ಟೈರುಗಳೊಂದಿಗೆ ಹೋಗಲು ಹಿಂಜರಿಯುತ್ತಿದ್ದ ದಾರಿಯಲ್ಲಿ ಈಗ ಹೋಗಿಬರುತ್ತೇನೆ. ಹುಬ್ಬಿ ಮಳೆಯ ನಡುವೆ ಹೆಸರುಕಾಳಿನ ಚೀಲ ಹೇರಿಕೊಂಡು ಬಂದದ್ದೂ ಉಂಟು. ಆದರೆ ಮಳೆಯ ಮರುದಿನದ ಹಸಿ ರಾಡಿಯಲ್ಲಿ ಈ ಟೈರೂ ಬೋಳು ಉರುಳೆಯೇ ಆಗುತ್ತದೆ. ಅಷ್ಟರಮಟ್ಟಿಗೆ ಕಾಕಾನ ಮಾತು ಗೆದ್ದಿತು. ಮಡ್ ಟೆರೇನ್ ಹಾಕಿಸಿಕೊಂಡ ಸ್ನೇಹಿತರೊಬ್ಬರ ಗಾಡಿಯನ್ನು ಅದೇ ದಾರಿಯಲ್ಲಿ ನೋಡಿದ್ದೇನೆ. ಗಾಲಿ ಜೋರಾಗಿ ತಿರುಗಿದರೆ ಮಾತ್ರ ಅದರ ಹಲ್ಲುಗಳು ಮಣ್ಣನ್ನು ಎಸೆಯುತ್ತವೆ. ಇಕ್ಕಟ್ಟಾದ ಹೊಲದ ದಾರಿಯಲ್ಲಿ ಆ ವೇಗಕ್ಕೆ ಹೋದರೆ ಗಾಡಿ ಪಕ್ಕದವರ ಬೆಳೆಯಲ್ಲಿರುತ್ತದೆ. ಅವರಿಗೆ ನನಗಿಂತ ಅರ್ಧ ದಿನ ಮೊದಲು ಹೋಗಲು ಸಾಧ್ಯವಾಗುತ್ತದೆ ಎಂದಿಟ್ಟುಕೊಂಡರೂ, ಬೈಪಾಸಿನಲ್ಲಿ ಟೈರು ಊಳಿಡುವುದನ್ನು ವರ್ಷವಿಡೀ ಕೇಳಬೇಕಾದವರೂ ಅವರೇ.

ನನ್ನ ಟೈರು ಕೇಳುವ ಬೆಲೆಯೂ ಇದೆ. ಮೊದಲು ಲೀಟರಿಗೆ 15 ಕೊಡುತ್ತಿದ್ದ ಗಾಡಿ ಈಗ 13.5ರ ಆಸುಪಾಸಿನಲ್ಲಿದೆ. 70ರ ಮೇಲೆ ಸಣ್ಣದೊಂದು ಗುಂಯ್ ಸದ್ದು ಶುರುವಾಗುತ್ತದೆ. ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಿಡಿದರೆ ಹಳೆಯ ಟೈರಿಗಿಂತ ತುಸು ಮುಂದೆ ಹೋಗಿ ನಿಲ್ಲುತ್ತದೆ ಎಂಬುದು ನನ್ನ ಅನುಭವ. ಮಳೆಯಲ್ಲಿ ಮುಂದಿನ ವಾಹನದಿಂದ ಹೆಚ್ಚು ಅಂತರ ಬಿಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಇದಕ್ಕೆ ಎದುರಾಗಿ, ನಾನು ಎಣಿಸಿರದ ಒಂದು ಲಾಭವೂ ಸಿಕ್ಕಿತು. ಹತ್ತಿ ಕಿತ್ತ ಹೊಲದಲ್ಲಿ ಮುರಿದು ಉಳಿಯುವ ಕಟ್ಟಿಗೆಯ ಚೂಪಾದ ಮೋಟುಗಳು, ಒಡ್ಡಿನ ಮೇಲಿನ ಜಾಲಿ ಮುಳ್ಳುಗಳು ನಮ್ಮ ಕಡೆ ಕೆಸರಿಗಿಂತ ಹೆಚ್ಚು ಟೈರುಗಳನ್ನು ತಿನ್ನುತ್ತವೆ. ಹಳೆಯ ಟೈರುಗಳಲ್ಲಿ ಏಳು ತಿಂಗಳಲ್ಲಿ ನಾಲ್ಕು ಪಂಚರ್ ಆಗಿದ್ದವು. ಇವುಗಳಲ್ಲಿ 30,000 ಕಿಲೋಮೀಟರಿಗೆ ಎರಡು, ಎರಡೂ ನೆಲಕ್ಕೆ ತಾಗುವ ಭಾಗದಲ್ಲಿ, ಕಿಟ್ಟಿನಿಂದಲೇ ಮುಚ್ಚುವಂಥವು. ಸೈಡ್‌ವಾಲ್ ಹರಿದರೆ ಕಿಟ್ಟು ಉಪಯೋಗಕ್ಕೆ ಬರುವುದಿಲ್ಲ, ಟೈರನ್ನೇ ಎಸೆಯಬೇಕು. ದಪ್ಪ ಸೈಡ್‌ವಾಲಿಗೆ ಕೊಟ್ಟ ಹಣ ಅಲ್ಲಿ ವಸೂಲಾಯಿತು.

ಟೈರಿನ ನಂತರ ಕೊಂಡದ್ದು ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಮತ್ತು ಗಾಳಿ ಅಳೆಯುವ ಮೀಟರ್. ಎರಡು ಮಳೆಗಾಲದ ಮೇಲೆ ಯೋಚಿಸಿದರೆ ಇವನ್ನೇ ಮೊದಲು ಕೊಳ್ಳಬೇಕಿತ್ತು. ಚಕ್ಕಡಿ ದಾರಿ ಶುರುವಾಗುವ ಕಡೆ ನಿಲ್ಲಿಸಿ ಗಾಳಿಯನ್ನು 18 ಪಿ.ಎಸ್.ಐ.ಗೆ ಇಳಿಸಿದರೆ ಟೈರು ಉದ್ದಕ್ಕೆ ಹರಡಿಕೊಂಡು ನೆಲದ ಮೇಲೆ ಹೆಚ್ಚು ಜಾಗ ಹಿಡಿಯುತ್ತದೆ, ಹೂತುಕೊಳ್ಳುವುದು ಕಡಿಮೆಯಾಗುತ್ತದೆ. ಹಲ್ಲಿನ ವಿನ್ಯಾಸದಿಂದ ಆದ ಬದಲಾವಣೆಗಿಂತ ಇದರಿಂದ ಆದದ್ದು ದೊಡ್ಡದು. ಇನ್ನೂ ಕೆಳಗೆ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವಿದೆ. ಗಾಳಿ ಇಳಿಸಿಕೊಂಡು ಡಾಂಬರಿನ ಮೇಲೆ ವೇಗವಾಗಿ ಹೋಗುವುದಂತೂ ಸಲ್ಲದು, ಟೈರು ಕಾದು ಹಾಳಾಗುತ್ತದೆ. ಮರಳಿ ಬರುವಾಗ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಷ್ಟು ಗಾಳಿ ತುಂಬಲು ನಾಲ್ಕಕ್ಕೂ ಸೇರಿ 20 ನಿಮಿಷ ಬೇಕು. ಮೊದಲು ತಂದ ಕಂಪ್ರೆಸರ್ ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಹಾಕುವಂಥದ್ದು. ಮೂರನೆಯ ಟೈರಿಗೆ ಫ್ಯೂಸ್ ಹೋಯಿತು. ಈಗಿನದಕ್ಕೆ ಬ್ಯಾಟರಿಗೇ ನೇರವಾಗಿ ಕಚ್ಚಿಸುವ ಕ್ಲಿಪ್ಪುಗಳಿವೆ.

ಕಳೆದ ವರ್ಷ ಹೊಲದಿಂದ ಬರುವಾಗ 80ರ ವೇಗದಲ್ಲಿ ಸ್ಟೇರಿಂಗ್ ವಿಪರೀತ ನಡುಗತೊಡಗಿತು. ಮರುದಿನ ಅಲೈನ್‌ಮೆಂಟ್ ಮಾಡಿಸಿದೆ, ಹಣ ಕೊಟ್ಟೆ, ನಡುಕ ಹಾಗೆಯೇ ಇತ್ತು. ನಂತರ ಗಾಲಿ ಬಿಚ್ಚಿ ನೋಡಿದರೆ ರಿಮ್ಮಿನ ಒಳಬದಿಗೆ ಒಂದೇ ಪಕ್ಕದಲ್ಲಿ ಎರೆ ಹೆಂಟೆ ಒಣಗಿ ಕಲ್ಲಾಗಿ ಕುಳಿತಿತ್ತು. ಈಗ ಹೊಲದಿಂದ ಬಂದ ಸಂಜೆಯೇ, ಮಣ್ಣು ಹಸಿಯಿರುವಾಗಲೇ, ರಿಮ್ಮಿನ ಒಳಬದಿ, ಹಿಂದಿನ ಡ್ರಮ್ ಬ್ರೇಕ್ ಮತ್ತು ರೇಡಿಯೇಟರಿನ ಮುಂಭಾಗಕ್ಕೆ ನೀರು ಹೊಡೆಯುತ್ತೇನೆ. ಮಡ್‌ಫ್ಲ್ಯಾಪ್ ಹಾಗೂ ಅಂಚು ಎತ್ತರವಿರುವ ರಬ್ಬರ್ ಮ್ಯಾಟ್ ಹಾಕಿಸಿದ್ದೇನೆ. ಅವುಗಳ ಬಗ್ಗೆ ಹೇಳಲು ಹೆಚ್ಚಿಲ್ಲ, ಬೇಕೇ ಬೇಕು.

ಎಳೆಸಿಕೊಳ್ಳುವ ಹಗ್ಗದ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬಾರದು. ನಮ್ಮಲ್ಲಿ ಸಿಕ್ಕಿಬಿದ್ದ ಗಾಡಿಗೆ ಒದಗುವುದು ಟ್ರ್ಯಾಕ್ಟರ್, ಅದರೊಂದಿಗೆ ಬರುವುದು ಕಬ್ಬಿಣದ ಸರಪಳಿ. ಒಮ್ಮೆಲೇ ಜಗ್ಗಿದಾಗ ಸರಪಳಿಯಾಗಲಿ ಅದರ ಕೊಂಡಿಯಾಗಲಿ ಹರಿದರೆ ಗುಂಡಿನಂತೆ ಹಾರುತ್ತದೆ. ಗಾಡಿಯ ತೂಕಕ್ಕೆ ತಕ್ಕ ನೈಲಾನ್ ಪಟ್ಟಿ ಮತ್ತು ಅದನ್ನು ಸಿಗಿಸುವ ಎರಡು ಡಿ ಶ್ಯಾಕಲ್ ಕೊಂಡಿಗಳನ್ನು ಸೀಟಿನ ಹಿಂದೆ ಇಟ್ಟಿದ್ದೇನೆ. ಕಂಪನಿ ಕೊಟ್ಟ ಎಳೆಯುವ ಕೊಂಡಿಗಷ್ಟೇ ಅದನ್ನು ಸಿಗಿಸುತ್ತೇನೆ, ಎಳೆಯುವಾಗ ಸುತ್ತ ನಿಂತವರನ್ನು ದೂರ ಕಳಿಸುತ್ತೇನೆ. ಇದರ ಜೊತೆಗಿರುವ ಸಲಿಕೆಯನ್ನು ಟೈರಿನ ಮುಂದಿನ ಮಣ್ಣು ಕೆರೆಯಲು ಪಟ್ಟಿಗಿಂತ ಹೆಚ್ಚು ಬಾರಿ ಬಳಸಿದ್ದೇನೆ.

ಮುಂದಿನ ಕಬ್ಬಿಣದ ಗಾರ್ಡ್ ಹಾಕಿಸಲಿಲ್ಲ. ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ಬಿಚ್ಚಿಕೊಳ್ಳಲು ಅದು ಅಡ್ಡಿಯಾಗಬಹುದು ಎಂಬುದು ನನಗೆ ಅದಕ್ಕಿಂತ ದೊಡ್ಡ ಕಾರಣ. ಗಾಡಿ ಎತ್ತರಿಸುವ ಕಿಟ್ಟನ್ನೂ ಬಿಟ್ಟೆ. ಗಟ್ಟಿ ಆಕ್ಸಲಿನ ಗಾಡಿಯನ್ನು ಎತ್ತರಿಸಿದರೆ ಮುಂದಿನ ಗಾಲಿಗಳ ವಾಲುಕೋನ ಬದಲಾಗಿ ಹೈವೇಯಲ್ಲಿ ಸ್ಟೇರಿಂಗ್ ಅಲೆದಾಡತೊಡಗುತ್ತದೆ, ಅದನ್ನು ಸರಿಪಡಿಸಲು ಮತ್ತೊಂದು ಖರ್ಚು. ಟೈರಿನ ಅಳತೆ ಬದಲಿಸಿದ್ದನ್ನು ವಿಮೆ ಕಂಪನಿಗೆ ಬರಹದಲ್ಲಿ ತಿಳಿಸಿ ರಸೀದಿ ಇಟ್ಟುಕೊಂಡಿದ್ದೇನೆ.

ಟೈರುಗಳ ಹಲ್ಲು ಈಗ ಐದು ಮಿಲಿಮೀಟರಿನಷ್ಟು ಉಳಿದಿದೆ. ಕಾನೂನಿನ ಮಿತಿ 1.6 ಮಿಲಿಮೀಟರ್ ಆದರೂ, ಎರೆಯಲ್ಲಿ ಮೂರರ ಕೆಳಗೆ ಹೋದ ಟೈರನ್ನು ನಂಬಲಾರೆ; ಬರುವ ಮಳೆಗಾಲ ಮುಗಿಯುವವರೆಗೆ ಬರಬಹುದು. ಆಮೇಲೆ ಇದೇ ಅಳತೆಯ ಆಲ್ ಟೆರೇನ್ ಟೈರನ್ನೇ ಹಾಕಿಸುವ ಯೋಚನೆಯಿದೆ. ಅಷ್ಟರೊಳಗೆ ನಮ್ಮ ಚಕ್ಕಡಿ ದಾರಿಗೆ ಗರಸು ಬಿದ್ದರೆ ಮಾತ್ರ 195/80ರ ಹೈವೇ ಟೈರಿಗೆ ಮರಳುತ್ತೇನೆ, ಪೆಟ್ರೋಲ್ ಉಳಿಯುತ್ತದೆ.