ಮಗುವಿನ ಮೊದಲ ಒಪೆರಾ: ಸಿಂಡ್ರೆಲಾ ಅಥವಾ ಹ್ಯಾನ್ಸೆಲ್–ಗ್ರೆಟೆಲ್?

ಸಿಂಡ್ರೆಲಾ ಎಂದೊಡನೆ ಮಕ್ಕಳು ಕಾಯುವುದು ಗಾಜಿನ ಪಾದರಕ್ಷೆಗೆ, ಕುಂಬಳಕಾಯಿಯ ರಥಕ್ಕೆ. ಆ ಕಥೆಯನ್ನೇ ಒಪೆರಾ, ಅಂದರೆ ಹಾಡಿನಲ್ಲೇ ಸಾಗುವ ನಾಟಕ, ಮಾಡಿದ ಇಟಲಿಯ ಸಂಯೋಜಕ ರೊಸ್ಸಿನಿಯ ‘ಲಾ ಚೆನೆರೆಂತೊಲಾ’ದಲ್ಲಿ (1817) ಅವೆರಡೂ ಇಲ್ಲ. ಪಾದರಕ್ಷೆಯ ಬದಲು ಬಳೆ, ಮಾಯಾವಿ ದೇವತೆಯ ಬದಲು ಒಬ್ಬ ತತ್ತ್ವಜ್ಞಾನಿ, ಮಲತಾಯಿಯ ಬದಲು ಮಲತಂದೆ! ಹಾಡುಗಳು ಚುರುಕು, ಹಾಸ್ಯ ಭರಪೂರ. ಆದರೆ ಆ ಹಾಸ್ಯ ನಿಂತಿರುವುದು ವೇಷ ಬದಲಾವಣೆ ಮತ್ತು ಪಟಪಟನೆ ಹಾಡುವ ಇಟಾಲಿಯನ್ ಮಾತಿನ ಮೇಲೆ. ಅವಧಿಯೂ ಸುಮಾರು ಎರಡೂವರೆ ಗಂಟೆ. ಆರು ವರ್ಷದ ಮಗು ಅಷ್ಟರಲ್ಲಿ ಕುರ್ಚಿಯ ಕೆಳಗೆ ಸೇರಿರುತ್ತದೆ.

ಜರ್ಮನ್ ಸಂಯೋಜಕ ಹಂಪರ್‌ಡಿಂಕ್‌ನ ‘ಹ್ಯಾನ್ಸೆಲ್ ಮತ್ತು ಗ್ರೆಟೆಲ್’ನ ಹುಟ್ಟೇ ಬೇರೆ. ಅವನ ತಂಗಿ ತನ್ನ ಮಕ್ಕಳಿಗಾಗಿ ಬರೆದ ಪದ್ಯಗಳಿಗೆ ಅವನು ರಾಗ ಕೂಡಿಸಿದ. ಅದೇ ಬೆಳೆದು 1893ರಲ್ಲಿ ಜರ್ಮನಿಯ ವೈಮಾರ್‌ನ ರಂಗಕ್ಕೆ ಬಂತು. ಗ್ರೆಟೆಲ್ ತನ್ನ ಅಣ್ಣ ಹ್ಯಾನ್ಸೆಲ್‌ಗೆ ಚಪ್ಪಾಳೆ ತಟ್ಟಿ, ಹೆಜ್ಜೆ ಹಾಕಿ ಕುಣಿಯಲು ಕಲಿಸುವ ಹಾಡನ್ನು ಭಾಷೆ ಬಾರದ ಮಗುವೂ ಒಮ್ಮೆಗೇ ಹಿಡಿಯುತ್ತದೆ. ಗ್ರಿಮ್ ಸಹೋದರರ ಕಥೆಯಲ್ಲಿ ಹೆತ್ತವರೇ ಮಕ್ಕಳನ್ನು ಕಾಡಿನಲ್ಲಿ ಬಿಟ್ಟು ಬರುತ್ತಾರೆ. ಇಲ್ಲಿ ಸಿಟ್ಟಾದ ತಾಯಿ ಸ್ಟ್ರಾಬೆರಿ ಆಯ್ದು ತರಲು ಅಟ್ಟುತ್ತಾಳೆ, ಅಷ್ಟೆ. ಇರುಳಿನ ಕಾಡಿನಲ್ಲಿ ಹದಿನಾಲ್ಕು ದೇವದೂತರು ಕಾವಲು ನಿಲ್ಲುವ ದೃಶ್ಯಕ್ಕೆ ದೊಡ್ಡವರೂ ಮೂಕರಾಗುತ್ತಾರೆ.

ಮಕ್ಕಳನ್ನು ತಿನ್ನಲು ಕಾಡಿನಲ್ಲಿ ಕಾದಿರುವ ಮಾಟಗಾತಿ ಕೊನೆಗೆ ಒಲೆಗೆ ಬೀಳುತ್ತಾಳೆ ಎಂಬುದನ್ನು ಮೊದಲೇ ಹೇಳಿ ಕರೆದೊಯ್ಯಿರಿ. ಹತ್ತು ದಾಟಿದ, ತಮಾಷೆ ಇಷ್ಟಪಡುವ ಮಗುವಿಗೆ ಮಾತ್ರ ನಾನು ರೊಸ್ಸಿನಿಯನ್ನು ಆರಿಸುತ್ತೇನೆ.